ಯಾವ ಹಾವು ಎಂದು ಹುಡುಕುತ್ತಾ ನಿಲ್ಲಬೇಡಿ

ಯಾರಿಗಾದರೂ ಹಾವು ಕಚ್ಚಿದರೆ ನಾವು ಮೊದಲು ಕೇಳುವುದೇ ‘ಯಾವ ಹಾವು?’ ಅಂತ. ಕೆಲವರು ದೊಣ್ಣೆ ಹಿಡಿದು ಬೇಲಿಯಲ್ಲಿ ಹುಡುಕಲು ಹೊರಡುತ್ತಾರೆ. ಹೊತ್ತು ಹೋಗುತ್ತದೆ, ಇನ್ನೊಬ್ಬರಿಗೂ ಕಚ್ಚೀತು. ಒಂದು ಕಾಲಕ್ಕೆ ಈ ಪ್ರಶ್ನೆಗೆ ಅರ್ಥವಿತ್ತು.

1796ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಪ್ಯಾಟ್ರಿಕ್ ರಸೆಲ್ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಚಿತ್ರಗಳಿರುವ ಪುಸ್ತಕ ತಂದರು. ಯಾವುದಕ್ಕೆ ವಿಷವಿದೆ, ಯಾವುದಕ್ಕಿಲ್ಲ ಎಂದು ತಿಳಿಯುವುದೇ ಅದರ ಉದ್ದೇಶ. ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅವರದೇ ಹೆಸರು. ಆದರೆ ಔಷಧ ಇರಲಿಲ್ಲ. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ಅದಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ತುಂಬುವುದು, ಇವನ್ನು ಮುಂದಿನ ಶತಮಾನದ ಡಾಕ್ಟರುಗಳೇ ಹೇಳುತ್ತಿದ್ದರು. ಹಾಗಾಗಿ ಕಟ್ಟು ಹಾಕುವವರನ್ನು ಮೂಢರೆಂದು ಜರಿಯುವುದು ಸರಿಯಲ್ಲ.

1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಮದ್ದು ತಯಾರಿಸಿದರು. ಕೊಳಕುಮಂಡಲದ ವಿಷಕ್ಕೆ ಅದು ಕೆಲಸ ಮಾಡಲಿಲ್ಲ. ನಾಗರದ ವಿಷ ನರಕ್ಕೆ ಹೊಡೆದರೆ, ಮಂಡಲದ್ದು ರಕ್ತಕ್ಕೆ. ಯಾವ ಹಾವು ಎಂಬುದು ಆಗ ಸಾವು ಬದುಕಿನ ಪ್ರಶ್ನೆಯೇ ಆಗಿತ್ತು.

ಮುಂದೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನೂ ಕುದುರೆಗೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಅದರ ರಕ್ತದಿಂದ ಒಂದೇ ಮದ್ದು ತೆಗೆಯುವುದು ಭಾರತದಲ್ಲಿ ರೂಢಿಯಾಯಿತು. ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿ 1978ರಲ್ಲಿ ಶುರುವಾದ, ಹಾವು ಹಿಡಿಯುವುದರಲ್ಲಿ ಪಳಗಿದ ಬುಡಕಟ್ಟಿನವರಾದ ಇರುಳರ ಸಹಕಾರ ಸಂಘದಿಂದ. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಅವರ ಕೈಗೆ ನಾವೆಲ್ಲ ಋಣಿಗಳು. ಈಗ ಡಾಕ್ಟರು ಹಾವನ್ನಲ್ಲ, ರೋಗಿಯನ್ನು ನೋಡುತ್ತಾರೆ. ಗಾಜಿನ ಕೊಳವೆಯಲ್ಲಿಟ್ಟ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟದಿದ್ದರೆ ಮಂಡಲದ ವಿಷವಿರಬಹುದೆಂದು ಊಹಿಸುತ್ತಾರೆ.

ಕಟ್ಟುಹಾವಿನ ವಿಷಯದಲ್ಲಂತೂ ಹುಡುಕುವುದೇ ವ್ಯರ್ಥ. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ಜೋಲತೊಡಗಿದರೆ ಒಂದು ಕ್ಷಣವೂ ಕಾಯಬೇಡಿ.

ಗುರುತು ಹಿಡಿಯುವ ವಿದ್ಯೆ ಬೇಕಾಗಿರುವುದು ಕಚ್ಚುವ ಮೊದಲು. ಕೇರೆಹಾವನ್ನು ನಾಗರವೆಂದು ಸುಮ್ನೆ ಹೊಡೆದು ಸಾಯಿಸುತ್ತೇವೆ, ಅದು ತಿನ್ನುವುದು ಇಲಿಗಳನ್ನು. ನೋಡಲು ಕಟ್ಟುಹಾವಿನಂತೆಯೇ ಇದ್ದರೂ ವಿಷವಿಲ್ಲದ ತೋಳಹಾವಿನ ಪಟ್ಟಿಗಳು ಕುತ್ತಿಗೆಯಿಂದ ಶುರುವಾಗಿ ಬಾಲದ ಕಡೆ ಮಾಸುತ್ತವೆ, ಕಟ್ಟುಹಾವಿನದು ಬಾಲದ ಕಡೆಗೇ ಎದ್ದು ಕಾಣುತ್ತದೆ. ಆದರೂ ಅನುಮಾನವಿದ್ದರೆ ವಿಷದ ಹಾವೆಂದೇ ತಿಳಿದು ದೂರ ನಿಲ್ಲಿ.

ಕಚ್ಚಿದರೆ ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಕೋಲಿಟ್ಟು ಆಸರೆ ಕೊಡಿ, ನಡೆಸಬೇಡಿ, 108ಕ್ಕೆ ಕರೆ ಮಾಡಿ. ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ತಡವಾದರೂ ಒಳ್ಳೆಯದಾಯಿತು. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ಅಂದಾಜು, ಅಷ್ಟು ಸಾವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಲೆಕ್ಕಕ್ಕೇ ಬಂದಿರಲಿಲ್ಲ.

ಒಂದು ಕೊರತೆ ಮಾತ್ರ ಇನ್ನೂ ಇದೆ. ಪಶ್ಚಿಮ ಘಟ್ಟದ ಉಬ್ಬುಮೂಗಿನ ಮಂಡಲದ ವಿಷಕ್ಕೆ ಈ ನಾಲ್ಕರ ಮದ್ದು ನಾಟುವುದಿಲ್ಲ. ಹಾಗಾಗಿ ಹಾವು ತಾನಾಗಿ ಕಣ್ಣಿಗೆ ಬಿದ್ದರೆ ದೂರದಿಂದಲೇ ಒಂದು ಫೋಟೊ ತೆಗೆದುಕೊಳ್ಳಿ, ಡಾಕ್ಟರಿಗೆ ನೆರವಾಗುತ್ತದೆ. ಸತ್ತ ಹಾವನ್ನು ಚೀಲದಲ್ಲಿ ಹಾಕಿ ತರಬೇಡಿ. ಸತ್ತ ಮೇಲೂ ಅದರ ಬಾಯಿ ಸ್ವಲ್ಪ ಹೊತ್ತು ಕಚ್ಚಬಲ್ಲದು.