ಮೊದಲ ಗೇಮಿಂಗ್ ಪಿಸಿಗೆ ಬಿಡಿಭಾಗ ಆರಿಸುವುದು: ಅರ್ಧಕ್ಕರ್ಧ ಪಿಸಿಐಇ ಬಗ್ಗೆಯೇ ಇರುವ ಟಿಪ್ಪಣಿ

ಮಾನಿಟರ್, ಕೀಬೋರ್ಡ್, ಮೌಸ್ ಬಿಟ್ಟು 60 ಸಾವಿರ ರೂಪಾಯಿ. ಅದರೊಳಗೆ 1080ಪಿ ಪರದೆಯಲ್ಲಿ ಈಗಿನ ಗೇಮ್‌ಗಳು ನೆಟ್ಟಗೆ ಓಡಬೇಕು. ಈ ಲೆಕ್ಕ ಇಟ್ಟುಕೊಂಡು ಓದಿದ್ದು, ಬೆಂಗಳೂರಿನ ಎಸ್‌.ಪಿ. ರೋಡ್ ಅಂಗಡಿಗಳಲ್ಲಿ ಕೊಟೇಶನ್ ಬರೆಸಿಕೊಂಡು ತಾಳೆ ನೋಡಿದ್ದು, ಎಲ್ಲವನ್ನೂ ಮರೆಯುವ ಮೊದಲು ಇಲ್ಲಿ ಹಾಕುತ್ತಿದ್ದೇನೆ. ಪಿಸಿಐಇ ಅಂದರೆ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್‌ಗೂ ಪ್ರೊಸೆಸರ್‌ಗೂ ನಡುವೆ ಮಾಹಿತಿ ಓಡಾಡುವ ದಾರಿ. ಭಾಗಗಳ ದರ ಬರೆದಿಲ್ಲ. 2025ರ ಕೊನೆಗೆ ರ‍್ಯಾಮ್ ದರ ಏರಿದ ರೀತಿ ನೋಡಿದವರಿಗೆ ಕಾರಣ ಗೊತ್ತು. ಸ್ಕ್ರೂ ಹಾಕುವುದು, ಪೇಸ್ಟ್ ಹಚ್ಚುವುದು ಕೂಡ ಇಲ್ಲ; ಅದಕ್ಕೆ ವಿಡಿಯೋ ನೋಡಿ.

ಪರದೆಯಿಂದ ಶುರು

ಪ್ರೊಸೆಸರ್ ಯಾವುದು ಎಂದು ಮೊದಲು ಕೇಳಬೇಡಿ, ಪರದೆ ಯಾವುದು ಎಂದು ಕೇಳಿ. 1080ಪಿ ಅಂದರೆ ಒಂದು ಚಿತ್ರಕ್ಕೆ 20,73,600 ಪಿಕ್ಸೆಲ್. 1440ಪಿ ಅಂದರೆ 36,86,400. ಸುಮಾರು 1.8 ಪಟ್ಟು ಕೆಲಸ, ಅದೂ ಬಹುಪಾಲು ಗ್ರಾಫಿಕ್ಸ್ ಕಾರ್ಡ್ ಮೇಲೆ. ಇನ್ನು ವೇಗ: 60 ಹರ್ಟ್ಸ್ ಪರದೆಗೆ ಒಂದು ಚಿತ್ರ ತಯಾರಿಸಲು 16.7 ಮಿಲಿಸೆಕೆಂಡ್ ಸಿಗುತ್ತದೆ, 144 ಹರ್ಟ್ಸ್‌ಗೆ ಬರೀ 6.9. ಈ ಗಡುವನ್ನು ಪ್ರೊಸೆಸರ್ ಮತ್ತು ಕಾರ್ಡ್ ಇಬ್ಬರೂ ಮುಟ್ಟಬೇಕು. ಯಾರು ನಿಧಾನವೋ ಅವರ ವೇಗವೇ ಗೇಮ್‌ನ ವೇಗ. ಎಲ್ಲರೂ ಬಾಟಲ್‌ನೆಕ್ ಬಾಟಲ್‌ನೆಕ್ ಎನ್ನುವುದು ಇಷ್ಟಕ್ಕೇ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದವು ಹೆಚ್ಚು ಫ್ರೇಮ್‌ಗೆ ಹೋದಷ್ಟೂ ಪ್ರೊಸೆಸರ್ ಕೇಳುತ್ತವೆ. ಸೈಬರ್‌ಪಂಕ್ 2077 ಥರದವು ಕಾರ್ಡ್ ಅನ್ನು ಹಿಂಡುತ್ತವೆ. ನಾನು ಎರಡನೇ ಜಾತಿಯ ಗೇಮ್ ಆಡುವವನು, ಹಾಗಾಗಿ ಬಜೆಟ್‌ನ ಶೇ. 40ರ ತನಕ ಕಾರ್ಡ್‌ಗೇ ಎತ್ತಿಟ್ಟೆ.

ಹೆಸರು ಒಂದೇ, ಕಾರ್ಡ್ ಬೇರೆ

ಆರ್‌ಟಿಎಕ್ಸ್ 3050 ಎಂದು ಕೇಳಿದರೆ ಎರಡು ವಸ್ತು ಸಿಗುತ್ತವೆ. 2022ರ ಜನವರಿಯಲ್ಲಿ ಬಂದದ್ದು 8 ಜಿಬಿ, 130 ವ್ಯಾಟ್. 2024ರಲ್ಲಿ ಬಂದದ್ದು 6 ಜಿಬಿ, 70 ವ್ಯಾಟ್, ಒಳಗಿನ ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) ಕಡಿಮೆ: 2560 ಇದ್ದದ್ದು 2304. ಆರ್‌ಎಕ್ಸ್ 580 ಎಂದು ಅಗ್ಗಕ್ಕೆ ಕಾಣುವ ಎಷ್ಟೋ ಕಾರ್ಡ್‌ಗಳು 2048ಎಸ್‌ಪಿ ಎಂಬ ಇಳಿಸಿದ ಆವೃತ್ತಿ. ಮೂಲ 580ಕ್ಕೆ 2304 ಇರಬೇಕು. ಜಿಟಿ 1030 ಇನ್ನೂ ಕೆಟ್ಟದ್ದು, ಜಿಡಿಡಿಆರ್5 ಮೆಮೊರಿಯದ್ದು ಸೆಕೆಂಡಿಗೆ 48 ಜಿಬಿ ಓದಿದರೆ ಡಿಡಿಆರ್4 ಮೆಮೊರಿಯದ್ದು 17 ಜಿಬಿ ಕೂಡ ಮುಟ್ಟುವುದಿಲ್ಲ. ಕೊಟೇಶನ್‌ನಲ್ಲಿ ಹೆಸರಿನ ಜೊತೆ ಮೆಮೊರಿ ಎಷ್ಟು, ಯಾವ ಜಾತಿ ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕುವ ಅಂಗಡಿಯಿಂದ ಪಕ್ಕದ ಅಂಗಡಿಗೆ ನಾಲ್ಕೇ ಹೆಜ್ಜೆ.

ನಾನು ಆರ್‌ಎಕ್ಸ್ 6600 ಹತ್ತಿರ ನಿಂತೆ. 8 ಜಿಬಿ, 132 ವ್ಯಾಟ್, 1080ಪಿಗೆ ಸಾಕು. ಆಮೇಲೆ ಶುರುವಾಯಿತು ನೋಡಿ ತಲೆನೋವು.

ಪಿಸಿಐಇ: ತಲೆಮಾರು ಬೇರೆ, ಲೇನ್ ಬೇರೆ

ಕಾರ್ಡ್ ಕೂರುವ ಉದ್ದನೆಯ ಸ್ಲಾಟ್‌ಗೆ ಎರಡು ಸಂಖ್ಯೆ ಇರುತ್ತವೆ. ಒಂದು ತಲೆಮಾರು: 3.0, 4.0, 5.0. ಇನ್ನೊಂದು ಲೇನ್‌ಗಳ, ಅಂದರೆ ಆ ದಾರಿಯ ಸಾಲುಗಳ, ಎಣಿಕೆ: 4, 8, 16. ಒಂದು ಲೇನ್‌ನಲ್ಲಿ, ಒಂದು ದಿಕ್ಕಿಗೆ, ಸೆಕೆಂಡಿಗೆ ಹೋಗುವ ಮಾಹಿತಿ 3.0ರಲ್ಲಿ ಸುಮಾರು 1 ಜಿಬಿ, 4.0ರಲ್ಲಿ 2, 5.0ರಲ್ಲಿ 4. ಪ್ರತಿ ತಲೆಮಾರಿಗೂ ದುಪ್ಪಟ್ಟು, ಇದನ್ನು ಬಾಯಿಪಾಠ ಮಾಡಿಕೊಂಡರೆ ಉಳಿದದ್ದು ಮಗ್ಗಿ.

ಕಷ್ಟ ಇರುವುದು ಇಲ್ಲಿ. ಸ್ಲಾಟ್ ನೋಡಲು 16 ಲೇನ್‌ನದು. ಕಾರ್ಡ್‌ನ ಚಿನ್ನದ ಬಣ್ಣದ ಅಂಚೂ ಅಷ್ಟೇ ಉದ್ದ. ಆದರೆ ಉದ್ದಕ್ಕೂ ಒಳಗಿನ ಲೇನ್‌ಗೂ ಸಂಬಂಧ ಇರಲೇಬೇಕೆಂದಿಲ್ಲ. ಆರ್‌ಎಕ್ಸ್ 6600ರಲ್ಲಿ ಕೆಲಸ ಮಾಡುವುದು 8 ಲೇನ್ ಮಾತ್ರ. ಆರ್‌ಟಿಎಕ್ಸ್ 3050, 4060 ಕೂಡ 8. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಬರೀ 4.

ನಿಯಮ ಹೀಗೆ. ಮೂವರು ಪಾಲುದಾರರು: ಪ್ರೊಸೆಸರ್, ಮದರ್‌ಬೋರ್ಡ್, ಕಾರ್ಡ್. ಮೂವರ ತಲೆಮಾರುಗಳಲ್ಲಿ ಅತಿ ಚಿಕ್ಕದನ್ನು ತೆಗೆದುಕೊಳ್ಳಿ. ಮೂವರ ಲೇನ್‌ಗಳಲ್ಲಿ ಅತಿ ಚಿಕ್ಕದನ್ನು, ಬೇರೆಯಾಗಿ, ತೆಗೆದುಕೊಳ್ಳಿ. ಆಮೇಲೆ ಗುಣಿಸಿ. ಆ "ಬೇರೆಯಾಗಿ" ಎಂಬುದೇ ನನಗೆ ಬಹಳ ತಡವಾಗಿ ಹೊಳೆದದ್ದು. ಸ್ಲಾಟ್‌ನಲ್ಲಿ 16 ಲೇನ್ ಇದೆಯಲ್ಲ, ತಲೆಮಾರು ಹಳೆಯದಾದರೂ ಲೇನ್ ಜಾಸ್ತಿ ಇರುವುದರಿಂದ ಸರಿಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲ. ಕಾರ್ಡ್ ಬಳಸದ ಲೇನ್ ಸುಮ್ಮನೆ ಕೂತಿರುತ್ತದೆ, ಬಳಸುವ ಲೇನ್‌ಗೆ ವೇಗ ಕೊಡುವುದಿಲ್ಲ.

ಕೈಯಲ್ಲಿ ಲೆಕ್ಕ ಹಾಕಿ ನೋಡೋಣ.

ಎಎಂಡಿಯ ರೈಜೆನ್ 5 5600 ಪ್ರೊಸೆಸರ್ (4.0, 16 ಲೇನ್), ಬಿ550 ಬೋರ್ಡ್ (4.0, 16), ಆರ್‌ಎಕ್ಸ್ 6600 (4.0, 8). ತಲೆಮಾರು 4.0, ಲೇನ್ 8. 8 × 2 = 16 ಜಿಬಿ.

ಅದೇ ಪ್ರೊಸೆಸರ್, ಅದೇ ಕಾರ್ಡ್, ಬೋರ್ಡ್ ಮಾತ್ರ ಬಿ450. ಅದು 3.0. 8 × 1 = 8 ಜಿಬಿ. ಎ520 ಹಾಕಿದರೂ ಇದೇ ಉತ್ತರ.

ಈಗ ಬಿ550 ಬೋರ್ಡ್, ಆರ್‌ಎಕ್ಸ್ 6600, ಆದರೆ ಸ್ವಲ್ಪ ಉಳಿಯಲಿ ಎಂದು ರೈಜೆನ್ 5 5500. ಬೋರ್ಡ್ ಡಬ್ಬಿಯ ಮೇಲೆ 4.0, ಕಾರ್ಡ್ ಡಬ್ಬಿಯ ಮೇಲೂ 4.0. ಉತ್ತರ 16 ಅಲ್ಲವೇ? ಅಲ್ಲ, 8. ಯಾಕೆಂದರೆ 5500 ಪ್ರೊಸೆಸರ್ ಕೊಡುವುದೇ 3.0. 5600ಜಿ ಕೂಡ ಹಾಗೇ. 5600 ಮತ್ತು 5600ಜಿ ನಡುವೆ ಒಂದಕ್ಷರ ವ್ಯತ್ಯಾಸ, ಒಂದು 4.0, ಇನ್ನೊಂದು 3.0. ಮೊದಲ ಸ್ಲಾಟ್‌ನ ತಂತಿಗಳು ಚಿಪ್‌ಸೆಟ್‌ಗೆ (ಬೋರ್ಡ್ ಮೇಲಿನ ಸಹಾಯಕ ಚಿಪ್) ಹೋಗುವುದಿಲ್ಲ, ನೇರ ಪ್ರೊಸೆಸರ್‌ಗೇ ಹೋಗುತ್ತವೆ. ಹಾಗಾಗಿ ಬೋರ್ಡ್ ಡಬ್ಬಿಯ 4.0 ಎಂಬುದು "ಪ್ರೊಸೆಸರ್ ಕೊಟ್ಟರೆ ನಾನು ಸಾಗಿಸಬಲ್ಲೆ" ಎಂಬ ಮಾತಷ್ಟೇ. ಇದು ಗೊತ್ತಾದ ಮೇಲೆ ಉಳಿದ ಗೊಂದಲಗಳೆಲ್ಲ ತಾವೇ ಬಿಡಿಸಿಕೊಂಡವು. ಕೆಳಗಿನ ಎರಡನೇ ಉದ್ದ ಸ್ಲಾಟ್‌ಗೆ ಕಾರ್ಡ್ ಯಾಕೆ ಹಾಕಬಾರದು? ಅಗ್ಗದ ಬೋರ್ಡ್‌ಗಳಲ್ಲಿ ಅದು ಚಿಪ್‌ಸೆಟ್‌ನಿಂದ ಬರುವಂಥದ್ದು, ಉದ್ದ ಇದ್ದರೂ ಒಳಗೆ ಸಾಮಾನ್ಯವಾಗಿ 4 ಲೇನ್ ಅಥವಾ ಅದಕ್ಕಿಂತ ಕಡಿಮೆ.

ಎಎಂಡಿಯ ಹೊಸ ಎಎಂ5 ಸಾಕೆಟ್‌ನಲ್ಲೂ (ಸಾಕೆಟ್ ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಇದೇ ಹಳ್ಳ ಇದೆ. ರೈಜೆನ್ 5 8600ಜಿ ಕಾರ್ಡ್‌ಗೆ 8 ಲೇನ್ ಕೊಡುತ್ತದೆ. 8500ಜಿ ಕೊಡುವುದು ನಾಲ್ಕೇ. ಈಗ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡಿಕೊಂಡು ಮುಂದಿನ ವರ್ಷ ಕಾರ್ಡ್ ಹಾಕೋಣ ಎನ್ನುವವರು 8500ಜಿ ತೆಗೆದುಕೊಳ್ಳುವ ಮೊದಲು ಈ ಸಾಲನ್ನು ಎರಡು ಸಲ ಓದಿ.

ಇಂಟೆಲ್ ಕಡೆ ಕೋರ್ ಐ3-12100ಎಫ್ ಜೊತೆ ಎಚ್610 ಬೋರ್ಡ್. ಪ್ರೊಸೆಸರ್ 5.0, ಬೋರ್ಡ್‌ನ ಮೊದಲ ಸ್ಲಾಟ್ ಸಾಮಾನ್ಯವಾಗಿ 4.0, ಕಾರ್ಡ್ 4.0, ಲೇನ್ 8. ಮತ್ತೆ 16 ಜಿಬಿ. ಅಗ್ಗದ ಬೋರ್ಡ್, ಅಗ್ಗದ ಪ್ರೊಸೆಸರ್, ಆದರೂ ಈ ತಕರಾರೇ ಇಲ್ಲ.

ಇಷ್ಟೆಲ್ಲ ಗುಣಿಸಿದ್ದು ಯಾವ ಕೆಲಸಕ್ಕೆ? ಉತ್ತರ ಕಾರ್ಡ್‌ನ ಮೆಮೊರಿಯಲ್ಲಿದೆ. ಆರ್‌ಎಕ್ಸ್ 6600 ತನ್ನದೇ 8 ಜಿಬಿಯಿಂದ ಸೆಕೆಂಡಿಗೆ 224 ಜಿಬಿ ಓದುತ್ತದೆ. ಗೇಮ್‌ನ ಟೆಕ್ಸ್‌ಚರ್‌ಗಳೆಲ್ಲ (ವಸ್ತುಗಳ ಮೇಲ್ಮೈ ಚಿತ್ರಗಳು) ಅಲ್ಲೇ ಹಿಡಿಸುವ ತನಕ ಪಿಸಿಐಇಗೆ ಹೆಚ್ಚು ಕೆಲಸವಿಲ್ಲ, 8 ಆದರೇನು 16 ಆದರೇನು. ಹಿಡಿಸದೆ ಉಳಿದದ್ದನ್ನು ಕಂಪ್ಯೂಟರ್‌ನ ರ‍್ಯಾಮ್‌ನಿಂದ ತರಿಸಬೇಕಾದಾಗ 224ರ ಜಾಗದಲ್ಲಿ 16 ಅಥವಾ 8ರ ದಾರಿ. ಆಟ ತಟ್ಟನೆ ನಿಂತು ಮತ್ತೆ ಓಡುವುದು ಆಗಲೇ. ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು 3.0 ಬೋರ್ಡ್‌ನಲ್ಲಿ ಹಾಕಿದರೆ ದಾರಿ 4 × 1 = 4 ಜಿಬಿ, ಜೊತೆಗೆ ಮೆಮೊರಿಯೂ 4 ಜಿಬಿ ಮಾತ್ರ. ಬೇಗ ತುಂಬುವುದೂ ಅದೇ, ತರಿಸುವ ದಾರಿ ಕಿರಿದಾಗಿರುವುದೂ ಅದರದ್ದೇ. 8 ಜಿಬಿ ಕಾರ್ಡ್‌ಗೆ 1080ಪಿಯಲ್ಲಿ 3.0ರಿಂದ ಆಗುವ ನಷ್ಟ ಹೆಚ್ಚಿನ ಗೇಮ್‌ಗಳಲ್ಲಿ ಸಣ್ಣದು. ಮನೆಯಲ್ಲಿ ಬಿ450 ಆಗಲೇ ಇದ್ದರೆ ಅದನ್ನು ಮಾರಲು ಹೊರಡಬೇಡಿ. ಹೊಸದಾಗಿ ಕೊಳ್ಳುವವರು ಮೊದಲು ಕಾರ್ಡ್‌ನ ಮೆಮೊರಿ, ಆಮೇಲೆ ಲೇನ್, ಆಮೇಲೆ ತಲೆಮಾರು ನೋಡಲಿ.

ಆಫೀಸ್‌ಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗೆ ಕಾರ್ಡ್ ಹಾಕುವವರಿಗೆ ಒಂದು ಮಾತು. ಪಿಸಿಐಇ ಸ್ಲಾಟ್ ತಾನೇ 75 ವ್ಯಾಟ್‌ವರೆಗೆ ಕೊಡಬಲ್ಲದು. ಮೇಲೆ ಬೈದ 6 ಜಿಬಿಯ 3050, 70 ವ್ಯಾಟ್ ಆದ್ದರಿಂದ, ಬಹುತೇಕ ಮಾಡೆಲ್‌ಗಳಲ್ಲಿ ಬೇರೆ ಕೇಬಲ್ ಕೇಳುವುದಿಲ್ಲ. ಅಲ್ಲಿ ಅದೇ ಜಾಣ ಆಯ್ಕೆ.

ಬೋರ್ಡ್ ಮತ್ತು ಪ್ರೊಸೆಸರ್

5600ಕ್ಕೆ 6 ಕೋರ್, 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು). 12100ಎಫ್‌ಗೆ 4 ಕೋರ್, 8 ಥ್ರೆಡ್. ನಾನು 6 ಕೋರ್ ಕಡೆ. ಇಂಟೆಲ್‌ನಲ್ಲಿ ಕೊನೆಯ "ಎಫ್" ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ; 5600ರಲ್ಲೂ ಇಲ್ಲ. ಕಾರ್ಡ್ ಬರುವ ತನಕ ಪರದೆ ಬೆಳಗುವುದಿಲ್ಲ, ಎರಡು ಕಂತಿನಲ್ಲಿ ಕೊಳ್ಳುವವರು ನೆನಪಿಡಿ. 5600 ಕೂರುವ ಎಎಂ4 ಸಾಕೆಟ್‌ಗೆ ಮುಂದೆ ದಾರಿ ಇಲ್ಲ ಎನ್ನುವವರ ಮಾತು ನಿಜ, ಆದರೆ ಎಎಂ5ಗೆ ಡಿಡಿಆರ್5 ರ‍್ಯಾಮ್ ಕಡ್ಡಾಯ. ಈ ಬಜೆಟ್‌ನಲ್ಲಿ ಆ ಹಣ ಕಾರ್ಡ್‌ನಿಂದಲೇ ಕಿತ್ತುಕೊಂಡು ಬರಬೇಕು.

ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೆಯ ಬಯಾಸ್ (ಬೋರ್ಡ್ ಒಳಗೇ ಇರುವ, ಕಂಪ್ಯೂಟರ್ ಶುರು ಮಾಡುವ ತಂತ್ರಾಂಶ) ಇರುವ ಬೋರ್ಡ್ ಈ ಪ್ರೊಸೆಸರ್ ಅನ್ನು ಗುರುತಿಸುವುದೇ ಇಲ್ಲ. ಡಬ್ಬಿಯ ಮೇಲೆ ರೈಜೆನ್ 5000 ರೆಡಿ ಎಂಬ ಸ್ಟಿಕ್ಕರ್ ಇದೆಯಾ ನೋಡಿ. ಇಲ್ಲದಿದ್ದರೆ ಬಯಾಸ್ ಅಪ್‌ಡೇಟ್ ಮಾಡಿಕೊಡಿ ಎಂದು ಅಂಗಡಿಯಲ್ಲೇ ಕೇಳಿ.

ಎಸ್‌ಎಂಪಿಎಸ್: ಲೇಬಲ್‌ನ ಒಂದೇ ಸಾಲು

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ವಿದ್ಯುತ್ ಕೊಡುವ ಡಬ್ಬಿ) ಮೇಲೆ 450 ವ್ಯಾಟ್ ಎಂದೇ ಬರೆದಿರುತ್ತದೆ. ನಂಬುವ ಮೊದಲು ಲೇಬಲ್‌ನಲ್ಲಿ +12 ವೋಲ್ಟ್ ಸಾಲು ಹುಡುಕಿ, ಅದರ ಆಂಪಿಯರ್ ಅನ್ನು 12ರಿಂದ ಗುಣಿಸಿ. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು 12 ವೋಲ್ಟ್‌ನಿಂದಲೇ. ಅಲ್ಲಿ 37 ಆಂಪಿಯರ್ ಇದ್ದರೆ 444 ವ್ಯಾಟ್, ಮಾತು ಸರಿ. 18 ಆಂಪಿಯರ್ ಇದ್ದರೆ 216 ವ್ಯಾಟ್. ಉಳಿದದ್ದನ್ನು ನಮಗೆ ಬೇಡದ 3.3 ಮತ್ತು 5 ವೋಲ್ಟ್‌ಗಳಲ್ಲಿ ಕೂಡಿಸಿ ದೊಡ್ಡ ಅಂಕಿ ಮಾಡಿದ್ದಾರೆ.

ನಮ್ಮ ಅಗತ್ಯ: ಕಾರ್ಡ್ 132, 65 ವ್ಯಾಟ್‌ನ ಎಎಂ4 ಪ್ರೊಸೆಸರ್ ಪೂರ್ತಿ ದುಡಿಯುವಾಗ 88ರ ತನಕ, ಬೋರ್ಡ್, ಫ್ಯಾನ್ ಇತ್ಯಾದಿಗೆ 50 ಎಂದಿಟ್ಟುಕೊಳ್ಳಿ. ಒಟ್ಟು 270. ಒಳ್ಳೆಯ 450 ಸಾಕು, ಮುಂದೆ ಕಾರ್ಡ್ ಬದಲಿಸುವವರು 550 ನೋಡಲಿ. 80 ಪ್ಲಸ್ ಎಂಬ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನು ಮಾತ್ರ. ಅದನ್ನೇ ಗುಣಮಟ್ಟದ ಸರ್ಟಿಫಿಕೇಟ್ ಎಂದು ಓದಬಾರದು, ವಾರಂಟಿ ಎಷ್ಟು ವರ್ಷ ಎಂದೂ ಕೇಳಿ.

ಪದೇ ಪದೇ ಕರೆಂಟ್ ಹೋಗುವ ಊರಿನವರು ಯುಪಿಎಸ್‌ನ ವಿಎ ಅಂಕಿಯನ್ನು ವ್ಯಾಟ್ ಎಂದು ಓದಬೇಡಿ. 600 ವಿಎ ಎಂದು ಮಾರುವ ಎಷ್ಟೋ ಯುಪಿಎಸ್‌ಗಳ ಸಾಮರ್ಥ್ಯ 360 ವ್ಯಾಟ್. ನಮ್ಮ 270ರ ಜೊತೆ ಮಾನಿಟರ್ ಸೇರಿದರೆ ಗೇಮ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಕ್ಕೀತು, ಮ್ಯಾಚ್ ಮುಗಿಸುವಷ್ಟಲ್ಲ.

ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್

16 ಜಿಬಿಯ ಒಂದು ಕಡ್ಡಿ ಬೇಡ, 8 ಜಿಬಿಯ ಎರಡು. ಡಿಡಿಆರ್4-3200ರಲ್ಲಿ ಒಂದು ಚಾನೆಲ್‌ಗೆ (ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವಿನ ದಾರಿ) ಸೆಕೆಂಡಿಗೆ 25.6 ಜಿಬಿ, ಎರಡಕ್ಕೆ 51.2. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಸಿಎಲ್ ಅಂಕಿ (ಕೇಳಿದ್ದನ್ನು ಕೊಡಲು ರ‍್ಯಾಮ್ ಮಾಡುವ ತಡದ ಅಳತೆ) ಹೋಲಿಸಲು ನನ್ನ ಅಡ್ಡದಾರಿ: ಸಿಎಲ್ × 2000 ÷ ವೇಗ. 3200 ಸಿಎಲ್16ಕ್ಕೆ 10 ನ್ಯಾನೋಸೆಕೆಂಡ್, 3600 ಸಿಎಲ್18ಕ್ಕೂ 10. ಹೆಚ್ಚು ಹಣ ಕೊಡುವ ಮೊದಲು ಮೊಬೈಲ್ ಕ್ಯಾಲ್ಕುಲೇಟರ್ ತೆಗೆಯಿರಿ. ಇಂಟೆಲ್ 12ನೇ ತಲೆಮಾರಿನಲ್ಲಿ ಡಿಡಿಆರ್4 ಅಥವಾ 5 ಎಂಬುದನ್ನು ನಿರ್ಧರಿಸುವುದು ಬೋರ್ಡ್. ಒಂದರ ಕಡ್ಡಿ ಇನ್ನೊಂದರಲ್ಲಿ ಕೂರುವುದಿಲ್ಲ.

ಎಸ್‌ಎಸ್‌ಡಿ ಎನ್‌ವಿಎಂಇ (ಪಿಸಿಐಇ ದಾರಿಯಲ್ಲಿ ಓಡುವ ವೇಗದ ಜಾತಿ) ಇರಲಿ. ಸೆಕೆಂಡಿಗೆ 3500 ಎಂಬಿಯದಕ್ಕೂ 7000 ಎಂಬಿಯದಕ್ಕೂ ಗೇಮ್ ತೆರೆಯುವಾಗ ಕಾಣುವ ವ್ಯತ್ಯಾಸ ಅಲ್ಪ. ಕ್ಯಾಬಿನೆಟ್‌ನ ಮುಂದೆ ಗಾಜಲ್ಲ, ಜಾಲರಿ ಇರಲಿ. ಕಾರ್ಡ್ ಉದ್ದ ಹಿಡಿಸುತ್ತದೆಯಾ ನೋಡಿ.

ಆನ್ ಆದ ಮೇಲೆ

ಮಾನಿಟರ್ ಕೇಬಲ್ ಕಾರ್ಡ್‌ಗೆ, ಬೋರ್ಡ್‌ಗಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200 ರ‍್ಯಾಮ್ 2133 ಅಥವಾ 2666ರಲ್ಲೇ ಓಡುತ್ತಿರಬಹುದು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡುವವರು ಅಲ್ಲೇ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಸೆಟ್ಟಿಂಗ್ ಎರಡನ್ನೂ ಆನ್ ಮಾಡಿಬಿಡಿ, ಇಲ್ಲದಿದ್ದರೆ ಗೇಮ್ ತೆರೆಯುವುದಿಲ್ಲ. 144 ಹರ್ಟ್ಸ್ ಮಾನಿಟರ್ ವಿಂಡೋಸ್‌ನಲ್ಲಿ 60ಕ್ಕೇ ನಿಂತಿರುವುದುಂಟು, ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಬದಲಿಸಿ. ಮೇಲಿನ ಪಿಸಿಐಇ ಲೆಕ್ಕ ಸರಿಯೇ ಎಂದು ನೋಡಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು: ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಲೇನ್, ತಲೆಮಾರು ಎರಡೂ ಬರುತ್ತವೆ. ಕಾರ್ಡ್ ಸುಮ್ಮನಿದ್ದಾಗ ವಿದ್ಯುತ್ ಉಳಿಸಲು ತಲೆಮಾರು ಕೆಳಗಿಳಿದು ಕಾಣಬಹುದು. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಕಾರ್ಡ್‌ಗೆ ಕೆಲಸ ಕೊಟ್ಟು, ಆಮೇಲೆ ಓದಿ.