ಸೇರಿನ ನೆತ್ತಿ ಸವರುವ ಪೆಡಲ್

ತಂಬೂರಿಯ ಕುದುರೆಯ (ತಂತಿಗಳು ಒರಗುವ ಪಟ್ಟಿಯ) ಮೇಲೆ, ತಂತಿಯ ಅಡಿಯಲ್ಲಿ ಎಳೆದಾರವನ್ನು ಕೂದಲೆಳೆಯಷ್ಟು ಸರಿಸಿ ಜವಾರಿ ಕೂಡಿಸುವುದನ್ನು ಧಾರವಾಡದ ಎಷ್ಟೋ ಮನೆಗಳಲ್ಲಿ ಮಕ್ಕಳೂ ಕಂಡಿರುತ್ತಾರೆ. (ಬದನೆಕಾಯಿಗೆ ಹೇಳುವ ಜವಾರಿ ಬೇರೆ, ಇದು ಬೇರೆ.) ದಾರ ಸರಿಯಾದ ಜಾಗಕ್ಕೆ ಬಂದೊಡನೆ ಮಂಕಾಗಿದ್ದ ತಂತಿ ಝೇಂಕರಿಸುತ್ತದೆ, ಮೀಟಿನ ಬಲವೇನೂ ಹೆಚ್ಚಿರುವುದಿಲ್ಲ. ಇದನ್ನು ಬಲ್ಲ ಊರಿನಲ್ಲಿಯೇ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗರು, ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕಾಲಬಳಿ ಇಡುವ ಓವರ್‌ಡ್ರೈವ್ ಪೆಡಲ್ ಎಂದರೆ ಸದ್ದು ಜೋರು ಮಾಡುವ ಡಬ್ಬಿ ಎಂದು ತಿಳಿದಿರುವುದು ನನಗೆ ಸೋಜಿಗ. ಅದು ಮುಖ್ಯವಾಗಿ ಬದಲಿಸುವುದು ಗಿಟಾರಿನಿಂದ ಬರುವ ವಿದ್ಯುತ್ ಅಲೆಯ ಆಕಾರವನ್ನು.

ಸಂತೆಯಲ್ಲಿ ಜೋಳ ಅಳೆಯುವುದನ್ನು ನೆನೆಯಿರಿ. ಸೇರಿನ ಮೇಲೆ ಗೋಪುರವಾಗಿ ನಿಂತ ಕಾಳನ್ನು ಕೋಲಿನಿಂದ ಸವರಿದರೆ ನೆತ್ತಿ ಚಪ್ಪಟೆಯಾಗುತ್ತದೆ, ಅಲೆಯ ನೆತ್ತಿಗೆ ಹೀಗಾದರೆ ಅದು ಡಿಸ್ಟಾರ್ಷನ್. ಅಂಗೈಯಿಂದ ಮೆಲ್ಲಗೆ ಅದುಮಿದರೆ ನೆತ್ತಿ ದುಂಡಗಾಗಿ ತಗ್ಗುತ್ತದೆ, ಅದು ಓವರ್‌ಡ್ರೈವ್. ಪ್ರಸಿದ್ಧವಾದ ಟ್ಯೂಬ್ ಸ್ಕ್ರೀಮರ್ ಪೆಡಲ್‌ನಲ್ಲಿ ಆ ಅಂಗೈಯ ಕೆಲಸವನ್ನು ಎರಡು ಸಿಲಿಕಾನ್ ಡಯೋಡುಗಳು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಮಾಡುತ್ತವೆ. ಡ್ರೈವ್ ಗುಂಡಿಯನ್ನು ತಿರುಗಿಸಿದಂತೆ ಗಿಟಾರಿನ ಸಂಕೇತವು ಸುಮಾರು 12 ಪಟ್ಟಿನಿಂದ 118 ಪಟ್ಟಿನವರೆಗೆ ಹಿಗ್ಗಬಲ್ಲದು. ಆದರೆ ಡಯೋಡುಗಳ ನಡುವಿನ ವೋಲ್ಟೇಜು 0.6ರ ಹತ್ತಿರ ಬಂದೊಡನೆ ಅವು ದಾರಿ ಬಿಟ್ಟುಕೊಡುತ್ತವೆ, ಹಿಗ್ಗುವಿಕೆ ಕುಗ್ಗುತ್ತದೆ. ಉಕ್ಕುವ ಹಾಲಿನ ಪಾತ್ರೆಯ ಮುಚ್ಚಳವು ತಾನೇ ತುಸು ಎದ್ದು ಆವಿ ಬಿಟ್ಟಂತೆ ಎಂದರೂ ಸರಿಯೇ. ಡಯೋಡುಗಳು ಫೀಡ್‌ಬ್ಯಾಕ್ ದಾರಿಯಲ್ಲಿ, ಎಂದರೆ ಹಿಗ್ಗಿದ ಸಂಕೇತದ ಪಾಲು ಹಿಂದಿರುಗುವ ಹಾದಿಯಲ್ಲಿ, ಇರುವುದರಿಂದ ಮೂಲ ಸಂಕೇತವೂ ತಗ್ಗಿದ ಅಲೆಯೊಡನೆ ಕೂಡಿ ಹೊರಬರುತ್ತದೆ, ಬೆರಳಿನ ಮೆದು ಮೀಟು ಉಳಿಯುವುದು ಇದರಿಂದಲೇ.

ನೆತ್ತಿ ತಗ್ಗಿದ ಅಲೆಯಲ್ಲಿ ಮೊದಲಿಲ್ಲದ ಸ್ವರಾಂಶಗಳು ಹುಟ್ಟುತ್ತವೆ. 110 ಹರ್ಟ್ಜ್‌ನ ಶುದ್ಧ ಅಲೆಯನ್ನು ಮೇಲೂ ಕೆಳಗೂ ಸಮನಾಗಿ ಅದುಮಿದರೆ 330, 550, 770 ಹೀಗೆ ಬೆಸ ಪಟ್ಟಿನ ಉಪಸ್ವರಗಳು ಸೇರುತ್ತವೆ. ತಂಬೂರಿಯಲ್ಲಿ ಈ ಸಮೃದ್ಧಿ ಬಾಗಿದ ಕುದುರೆಯಿಂದ ಬರುತ್ತದೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂಬ ಪಾಶ್ಚಾತ್ಯ ನಿಯಮವನ್ನು ಆ ವಾದ್ಯ ಮೀರುತ್ತದೆಂದು ಸಿ.ವಿ. ರಾಮನ್ 1921ರಲ್ಲಿಯೇ ಬರೆದರು. ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟಾಗಲಂತೂ ಪೆಡಲ್ ಇನ್ನೂ ತಮಾಷೆ ಮಾಡುತ್ತದೆ. 110ರ ಷಡ್ಜಕ್ಕೆ 165ರ ಪಂಚಮ ಜೊತೆಯಾದರೆ ಹುಟ್ಟುವ ಹೊಸ ಸ್ವರಗಳಲ್ಲಿ 55 ಮತ್ತು 220 ಮುಖ್ಯ, ಎರಡೂ ಷಡ್ಜವೇ! ಗಿಟಾರಿನ ಗಾಂಧಾರ ಸೇರಿದರೆ ಮಾತ್ರ ಸುಮಾರು 167ರಂಥ ಸ್ವರ ಎದ್ದು ಪಂಚಮದೊಡನೆ ಜಗಳವಾಡುತ್ತದೆ. ರಾಕ್ ವಾದಕರು ಸಾ–ಪ ಜೋಡಿಯನ್ನು ಬಿಡದಿರುವುದಕ್ಕೆ ಇದು ದೊಡ್ಡ ಕಾರಣ.

ಕೊಳ್ಳುವಾಗ, ಸಂಕೇತವನ್ನು ಹಿಗ್ಗಿಸುವ ಹಳೆಯ 4558 ಐಸಿ ಚಿಪ್ಪಿನಲ್ಲಿ ಮಾಂತ್ರಿಕ ಶಕ್ತಿಯಿದೆ ಎಂಬ ನಂಬಿಕೆಗೆ ಹಣ ಸುರಿಯಬಾರದು. ತಾಯಿತಕ್ಕೂ ಅದಕ್ಕೂ ವ್ಯತ್ಯಾಸ ಕಡಿಮೆ, ಏಕೆಂದರೆ ಅಲೆಯನ್ನು ಅದುಮುವ ಕೆಲಸ ಡಯೋಡುಗಳದು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನಗೆ ಅಗ್ಗದ್ದಕ್ಕಿಂತ ದುಬಾರಿ ಪೆಡಲ್ಲೇ ಚೆಂದ ಕೇಳಿಸಿತ್ತು. ಎರಡರ ಲೆವೆಲ್ ಗುಂಡಿಗಳನ್ನು ಕಿವಿಯಲ್ಲಿ ಸಮ ಮಾಡಿದ ಮೇಲೆ ಯಾವುದು ಯಾವುದೆಂದು ಹೇಳಲು ತಡವರಿಸಿದೆ. ತುಸು ಜೋರಾದದ್ದು ಕಿವಿಗೆ ಇಂಪಾಗಿಯೇ ತೋರುತ್ತದೆ. ವಾಲ್ವ್ (ಗಾಜಿನ ನಿರ್ವಾತ ಕೊಳವೆಯ) ಆಂಪ್ಲಿಫೈಯರ್ ಉಳ್ಳವರು ಡ್ರೈವ್ ತಗ್ಗಿಸಿ ಲೆವೆಲ್ ಏರಿಸಿದರೆ ವಾಲ್ವುಗಳೇ ಅಲೆಯನ್ನು ಅದುಮತೊಡಗುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಂಥ ಪೆಡಲ್‌ಗಳಲ್ಲಿ ಹೆಚ್ಚಿನವು ಕೇಳುವುದು 9 ವೋಲ್ಟ್, ಪಿನ್ನಿನ ನಡುವೆ ಋಣ. ಮನೆಯ ವೈಫೈ ರೂಟರ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವೆ ಧನ, ಪಿನ್ನು ಮಾತ್ರ ಸಲೀಸಾಗಿ ಕೂರುತ್ತದೆ. ನಾನು ಹಾಗೆ ಚುಚ್ಚಿದ ದಿನ ಸುಟ್ಟ ವಾಸನೆ ಬಂತು. ಬ್ಯಾಟರಿ ಬಳಸುವವರು ಅಭ್ಯಾಸ ಮುಗಿದೊಡನೆ ಗಿಟಾರಿನ ವೈರನ್ನು ಇನ್‌ಪುಟ್‌ನಿಂದ ಕಿತ್ತಿಡಬೇಕು. ಪೆಡಲ್ ಆರಿದಂತೆ ಕಂಡರೂ ಆ ವೈರು ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಹರಿಯುತ್ತಲೇ ಇರುತ್ತದೆ.