ಬೀದಿದೀಪದ ಬೆಳಕಿಗೆ ಹಕ್ಕಿ ಬೇಗ ಮೊಟ್ಟೆ ಇಡುತ್ತದೆಯೇ?

ಪ್ರಶ್ನೆ: ಮನೆಯ ಹಿಂದಿನ ಮರಕ್ಕೆ ರಾತ್ರಿಯಿಡೀ ದೀಪದ ಬೆಳಕು ಬೀಳುತ್ತದೆ. ಬೆಳಕೇನೂ ಜೋರಿಲ್ಲ. ಅಷ್ಟಕ್ಕೇ ಹಕ್ಕಿಗಳು ಗೂಡು ಕಟ್ಟುವ ಕಾಲ ಹಿಂದುಮುಂದಾಗುತ್ತದೆಯೇ?

ಉತ್ತರ: ಆಗಬಹುದು. ಗಂಡುಹಕ್ಕಿಯ ಮೈ ತಿಂಗಳ ಮೊದಲೇ ಸಜ್ಜಾಗಲು ಮಂದ ಬೆಳಕೂ ಸಾಕು. ಆದರೆ ಮೊಟ್ಟೆ ಅಷ್ಟೇ ಮುಂಚೆ ಬೀಳುತ್ತದೆ ಎನ್ನುವಂತಿಲ್ಲ.

ಮೊದಲು ಬೆಳಕು ಒಳಗೆ ಹೋಗುವ ದಾರಿ ನೋಡೋಣ. ದಿನದ ಉದ್ದ ತಿಳಿಯಲು ಹಕ್ಕಿಗೆ ಕಣ್ಣೇ ಬೇಕಿಲ್ಲ. ಕಣ್ಣು ತೆಗೆದ ಬಾತುಗಳಲ್ಲೂ ಬೆಳಕಿಗೆ ವೃಷಣ ಬೆಳೆಯುವುದನ್ನು ಫ್ರಾನ್ಸಿನ ವಿಜ್ಞಾನಿ ಝಾಕ್ ಬೆನ್ವಾ 1930ರ ದಶಕದಲ್ಲೇ ತೋರಿಸಿದ್ದರು. ತಲೆಬುರುಡೆಯನ್ನು ಹಾದುಬರುವ ಬೆಳಕನ್ನು ಮಿದುಳಿನ ಆಳದಲ್ಲಿರುವ ಆಪ್ಸಿನ್ ಎಂಬ ಪ್ರೋಟೀನುಗಳು ಹಿಡಿಯುತ್ತವೆ. ಅಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಎಷ್ಟು ಬೆಳಕು ಬಿತ್ತು ಎಂಬುದಲ್ಲ, ಯಾವ ಹೊತ್ತಿನಲ್ಲಿ ಬಿತ್ತು ಎಂಬುದು. ಜಪಾನೀ ಕ್ವೇಲ್ ಎಂಬ ಪುಟ್ಟ ನೆಲಹಕ್ಕಿಯಲ್ಲಿ ಮುಂಜಾವಿನಿಂದ ಸುಮಾರು 12ರಿಂದ 16 ಗಂಟೆಯ ನಡುವೆ ಬೆಳಕು ಕಂಡರೆ ಮಿದುಳು ಅದನ್ನು ‘ದೀರ್ಘ ದಿನ’ ಎಂದು ಎಣಿಸುತ್ತದೆ. ಥೈರಾಯ್ಡ್ ಹಾರ್ಮೋನು ಮಿದುಳಿನ ತಳದ ಹೈಪೋಥಲಾಮಸ್‌ನಲ್ಲಿ ಚುರುಕಾಗುತ್ತದೆ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಹಾರ್ಮೋನು ಸುರಿಸುತ್ತದೆ, ಕೆಲವೇ ವಾರಗಳಲ್ಲಿ ವೃಷಣ ನೂರು ಪಟ್ಟು ದೊಡ್ಡದಾಗುತ್ತದೆ. ಕೋಳಿ ಸಾಕುವವರು ಮೊಟ್ಟೆಗಾಗಿ ಶೆಡ್ಡಿನಲ್ಲಿ 16 ಗಂಟೆ ದೀಪ ಉರಿಸುವುದೂ ಇದೇ ತತ್ವದ ಮೇಲೆ.

ಎಷ್ಟು ಮಂದ ಬೆಳಕು ಸಾಕು? ಜರ್ಮನಿಯಲ್ಲಿ ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿಗಳಿಗೆ ರಾತ್ರಿ ಕೇವಲ 0.3 ಲಕ್ಸ್ (ಬೆಳಕಿನ ಅಳತೆಯ ಮಾನ), ಹೆಚ್ಚುಕಡಿಮೆ ಹುಣ್ಣಿಮೆಯಷ್ಟು ಬೆಳಕು ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವೃಷಣಗಳು ಸುಮಾರು ಒಂದು ತಿಂಗಳು ಮೊದಲೇ ಬೆಳೆದಿದ್ದವು. ಪ್ರಯೋಗದ ಎರಡನೆಯ ವರ್ಷದ ಸಂಗತಿ ಇನ್ನೂ ಗಂಭೀರ: ವೃಷಣ ಬೆಳೆಯಲೇ ಇಲ್ಲ. ಸಂತಾನಕಾಲ ಮುಗಿದ ಮೇಲೆ ಹಕ್ಕಿಯ ಮೈ ದೀರ್ಘ ದಿನಕ್ಕೆ ಸ್ಪಂದಿಸುವುದನ್ನು ನಿಲ್ಲಿಸುತ್ತದೆ; ಮತ್ತೆ ಅಣಿಯಾಗಲು ಚಿಕ್ಕ ದಿನಗಳು ಬೇಕು. ವರ್ಷವಿಡೀ ರಾತ್ರಿ ಬೆಳಗುತ್ತಿದ್ದರೆ ಚಿಕ್ಕ ದಿನ ಬರುವುದೆಲ್ಲಿಂದ? ಆದರೆ ನೆನಪಿಡಿ, ಇವು ಪಂಜರದ ಹಕ್ಕಿಗಳು. ಕಾಡಿನದು ಎಲೆಯ ಮರೆಗೆ ಸರಿದುಕೊಳ್ಳಬಲ್ಲದು.

ಹೆಣ್ಣು ಮಾತ್ರ ದಿನದ ಉದ್ದವೊಂದನ್ನೇ ನೆಚ್ಚುವುದಿಲ್ಲ. ಚಳಿ ಇಳಿಯಬೇಕು, ಹುಳುಹುಪ್ಪಟೆ ಸಿಗಬೇಕು. ವಿಯೆನ್ನಾದ ಬಳಿಯ ಕಾಡಂಚಿನಲ್ಲಿ ದೀಪದ ಹತ್ತಿರ ಗೂಡು ಮಾಡಿದ ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿಯ ಹೆಣ್ಣುಗಳು ಮೊಟ್ಟೆ ಇಟ್ಟದ್ದು ಸರಾಸರಿ ಒಂದೂವರೆ ದಿನ ಬೇಗ, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ ಅದರ ಬಳಗದ ಗ್ರೇಟ್ ಟಿಟ್‌ಗಳು 2013ರ ಚಳಿ ವಸಂತದಲ್ಲಿ ಬಿಳಿ ಮತ್ತು ಹಸಿರು ದೀಪದಡಿ ಬೇಗ ಇಟ್ಟವು, ಮರುವರ್ಷ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅಮೆರಿಕದಲ್ಲಿ 142 ಪ್ರಭೇದಗಳ ಗೂಡುಗಳನ್ನು ಬೆಳಕಿನೆಡೆ, ಕತ್ತಲೆಡೆ ಎಂದು ಹೋಲಿಸಿದಾಗ ಬೆಳಕಿನೆಡೆಯಲ್ಲಿ ಬಯಲಿನ ಹಕ್ಕಿಗಳಲ್ಲಿ ಒಂದು ತಿಂಗಳವರೆಗೆ, ಕಾಡಿನವುಗಳಲ್ಲಿ 18 ದಿನದವರೆಗೆ ಮುಂಚೆ ಗೂಡು ಶುರುವಾಗಿತ್ತು. ಅಪಾಯ ಮರಿಗಳಿಗೆ: ಅವು ಬಾಯ್ತೆರೆಯುವ ವಾರದಲ್ಲಿ ಕಂಬಳಿಹುಳು ಇನ್ನೂ ಹುಟ್ಟಿರದಿದ್ದರೆ ಗುಟುಕು ಎಲ್ಲಿಂದ?

ನಿಮ್ಮ ಮರಕ್ಕೆ ಎಷ್ಟು ಬೆಳಕು ತಾಗುತ್ತಿದೆ ಎಂದು ಅಂದಾಜಿಸುವುದು ಸುಲಭ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಮರೆಯಿಲ್ಲದ ದೀಪ 5 ಮೀಟರಿನಲ್ಲಿ 10 ಲಕ್ಸ್ ಕೊಟ್ಟರೆ 10 ಮೀಟರಿನಲ್ಲಿ 2.5, ಅದು 0.3ಕ್ಕೆ ಬರಲು ಸುಮಾರು 29 ಮೀಟರ್ ಬೇಕು. ಮೊಬೈಲ್ ಆ್ಯಪ್ ಇಷ್ಟು ಕಡಿಮೆ ಬೆಳಕನ್ನು ಸರಿಯಾಗಿ ಅಳೆಯದು, 0.01 ಲಕ್ಸ್ ತೋರಿಸುವ ಮೀಟರ್ ಹಿಡಿದು, ನೆಲದ ಮೇಲಲ್ಲ, ಹಕ್ಕಿ ಕೂರುವ ಕೊಂಬೆಯ ಎತ್ತರದಲ್ಲಿ ಅಳೆಯಿರಿ.

ದೀಪಕ್ಕೆ ಮೇಲಿನಿಂದಲೂ ಮರದ ಕಡೆಯಿಂದಲೂ ಮುಚ್ಚಿಗೆ ಹಾಕುವುದು ಎಲ್ಲಕ್ಕಿಂತ ಫಲಕಾರಿ. ಗೂಡುಪೆಟ್ಟಿಗೆಯಿದ್ದರೆ ಅದರ ಬಾಯಿ ದೀಪಕ್ಕೆ ಬೆನ್ನು ಮಾಡಿರಲಿ. ಟೈಮರ್ ಹಾಕುವವರು ಸಾಮಾನ್ಯವಾಗಿ ನಡುರಾತ್ರಿಗೆ ಆರಿಸುತ್ತಾರೆ, ಅದು ತಡ. ಬೆಳಗ್ಗೆ 6ಕ್ಕೆ ಬೆಳಕು ಹರಿದರೆ, ಕ್ವೇಲ್‌ನ ಲೆಕ್ಕದ 12ರಿಂದ 16ನೇ ಗಂಟೆ ಎಂದರೆ ಸಂಜೆ 6ರಿಂದ ರಾತ್ರಿ 10. ಹಾಗಾಗಿ ಓಡಾಟ ಗ್ರಹಿಸಿ ಹೊತ್ತಿಕೊಳ್ಳುವ ಸೆನ್ಸರ್ ದೀಪವೇ ಲೇಸು. ಬಣ್ಣ ಬದಲಿಸಿ ಸುಮ್ಮನಾಗಬೇಡಿ: ತಲೆಬುರುಡೆಯನ್ನು ಹಾದುಹೋಗುವುದರಲ್ಲಿ ನೀಲಿಗಿಂತ ಕೆಂಪು ಬೆಳಕೇ ಮುಂದು.